ತಡಿಯಕ್ಕ ಮತ್ತು ಹದಿನೇಳರ ಡಬ್ಬಿ

ಅವಳ ನಿಜವಾದ ಹೆಸರು ಹಾಜರಿ ಹಾಕುವವರಿಗೆ ಮಾತ್ರ ನೆನಪಿತ್ತು. ಉಳಿದವರಿಗೆಲ್ಲ ಅವಳು ತಡಿಯಕ್ಕ. ಯಾರು ಎಂಥ ಅವಸರ ಹೊತ್ತು ತಂದರೂ ಅವಳ ಬಾಯಿಂದ ಮೊದಲು ಬೀಳುವ ಮಾತು, "ತಡಿ, ನೋಡೋಣ." ಎದುರಿಗಿರುವವರು ದೊಡ್ಡವರಾದರೆ, "ತಡೀರಿ, ನೋಡೋಣ." ಹಾಗಂತ ಅವಳನ್ನು ನಿಧಾನದ ಹೆಂಗಸು ಎಂದುಕೊಂಡವರು ಮೋಸ ಹೋಗುತ್ತಿದ್ದರು. ನಡಿಗೆ ಚುರುಕು, ಊಟ ಚುರುಕು, ಕೀಬೋರ್ಡಿನ ಮೇಲೆ ಬೆರಳು ಓಡಿಸಲು ಶುರುಮಾಡಿದರೆ ಪಕ್ಕದ ಕೋಣೆಯವರು ಹೊರಗೆ ಮಳೆ ಬಂತೇ ಎಂದು ಕಿಟಕಿ ಕಡೆ ನೋಡಬೇಕು. ನೋಡದೆ ಕೈಹಾಕುವುದು ಮಾತ್ರ ಅವಳ ಜಾಯಮಾನದಲ್ಲೇ ಇರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಕಾಲು. ಕಾಲು ಕಳೆದುಕೊಂಡವರಿಗೆ ಅಳತೆ ತೆಗೆದು, ಅಚ್ಚು ಮಾಡಿ, ಉಳಿದ ಕಾಲು ಸರಿಯಾಗಿ ಕೂರುವಂಥ ಬಟ್ಟಲು ಎರಕ ಹೊಯ್ದು, ಅದಕ್ಕೆ ಕೊಳವೆ, ಪಾದ ಜೋಡಿಸಿ ಕೊಡುತ್ತಿದ್ದರು. ಮುಂದಿನ ಕೋಣೆಯಲ್ಲಿ ನಡೆದು ನೋಡಲು ಎರಡು ಉದ್ದನೆಯ ಕಂಬಿಗಳು, ತುದಿಯಲ್ಲಿ ಆಳೆತ್ತರದ ಕನ್ನಡಿ. ಮಧ್ಯದಲ್ಲಿ ಉದ್ದ ಪಡಸಾಲೆ, ಗೋಡೆಗೆ ಒರಗಿಸಿದ ಬೆಂಚು. ಹಿಂದಿನ ಕೋಣೆಗೆ ಹೋದರೆ ಪ್ಲಾಸ್ಟರಿನ ಬಿಳಿ ಧೂಳು, ಬಿಸಿ ಪ್ಲಾಸ್ಟಿಕ್ಕಿನ ವಾಸನೆ, ಅರ ತಿಕ್ಕುವ ಸದ್ದು. ಆ ಧೂಳು ಬಾರದ ಹಾಗೆ ಬಾಗಿಲಿಗೆ ರಬ್ಬರ್ ಪಟ್ಟಿ ಹೊಡೆಸಿಕೊಂಡ ಒಂದು ಪುಟ್ಟ ಕೋಣೆ ತಡಿಯಕ್ಕನದು.

ಅವಳು ಅಲ್ಲಿಗೆ ಬಂದದ್ದು ಕೆಲಸ ಹುಡುಕಿಕೊಂಡಲ್ಲ, ಗಂಡನನ್ನು ಕರೆದುಕೊಂಡು. ಗಂಡ ಕನ್ನಡಿ ಕತ್ತರಿಸುವ ಕಸುಬಿನವನು. ಮದುವೆಯಾದ ಹೊಸದರಲ್ಲೇ ರಸ್ತೆ ಅಪಘಾತದಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಮೊದಲ ಕಾಲು ಇಲ್ಲೇ ಮಾಡಿಸಿದರು, ಹದವಾಗಿ ಕೂತಿತ್ತು. ಅದು ಸವೆದ ಮೇಲೆ ಎರಡನೆಯದಕ್ಕೆ ಬಂದರೆ ಹಳೆಯ ಅಚ್ಚು ಸೋರಿದ ಸೂರಿನಡಿ ನೆನೆದು ಪುಡಿಯಾಗಿತ್ತು. ಎಲ್ಲ ಮೊದಲಿಂದ. ಮತ್ತೆ ಅಳತೆ, ಮತ್ತೆ ಬಟ್ಟಲು, ಮತ್ತೆ ಹುಣ್ಣು. ಕಾರ್ಖಾನೆಯ ಯಜಮಾನರ ಎದುರು ನಿಂತು ಅವಳು ಕೇಳಿದ್ದಳು.

"ಅಚ್ಚು ಮಣ್ಣುಪಾಲಾಗಬಹುದು ಸರ್. ಅಳತೆ ಯಾಕೆ ಮಣ್ಣುಪಾಲಾಗಬೇಕು? ನಾನು ಬಸ್ ಕಂಪನಿಯಲ್ಲಿ ಡೇಟಾಬೇಸ್ ನೋಡ್ಕೊಳ್ತೀನಿ. ಸಾವಿರಾರು ಜನ ಯಾವ ಸೀಟಲ್ಲಿ ಕೂತ್ರು ಅಂತ ಇವತ್ತೂ ತೆಗೆದು ಹೇಳ್ತೀನಿ. ಒಬ್ಬ ಮನುಷ್ಯನ ಕಾಲು ಹೇಗಿತ್ತು ಅಂತ ಇಟ್ಕೊಳ್ಳೋಕೆ ನಿಮಗೆ ಆಗಲ್ವಾ?"

ಯಜಮಾನರು ತಾವೇ ಕೈಯಾರೆ ಕಾಲು ಮಾಡುವ ಮನುಷ್ಯ, ಮಾತು ಕಡಿಮೆ. ಕೈಯ ಪ್ಲಾಸ್ಟರ್ ಒರೆಸಿಕೊಳ್ಳುತ್ತ ಅವರು ಅಂದದ್ದು ಇಷ್ಟೇ. "ನಮಗೆ ಬರಲ್ಲ. ನೀವೇ ಬಂದು ಮಾಡಿ."

ಬಂದಳು. ಬಂದವಳು ಅಲ್ಲೇ ನೆಲೆಯೂರಿದಳು. ಈಗ ಅವಳ ತಲೆಯಲ್ಲಿ ಅರ್ಧದಷ್ಟು ಬೆಳ್ಳಿ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಕಾರ್ಖಾನೆಯಲ್ಲಿ ಕಾಲು ಮಾಡಿಸಿಕೊಂಡ ಪ್ರತಿಯೊಬ್ಬರ ಅಳತೆಯೂ, ಎಲ್ಲಿ ಒತ್ತಿದರೆ ನೋವು, ಯಾವ ಕಡೆ ವಾಲುತ್ತಾರೆ ಎಂಬುದೂ ಅವಳ ಕೋಣೆಯ ಸರ್ವರಿನಲ್ಲಿತ್ತು. "ನಮ್ಮ ಮನೆಯವಳ ಹತ್ರ ಊರಿನ ಕಾಲೆಲ್ಲ ಇದೆ, ಎಳೆಯೋದಕ್ಕೆ ನನ್ನ ಕಾಲೇ ಬೇಕು" ಎಂದು ಗಂಡ ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ನಗುತ್ತಿದ್ದ.

ಈ ನಡುವೆ ಯಜಮಾನರ ಬಹುದಿನದ ಆಸೆ ಕೈಗೂಡಿತು. ಅಚ್ಚನ್ನು ತಾನೇ ಕೆತ್ತುವ ಯಂತ್ರ ಬಂತು. ಹಳೆಯ ಅಳತೆಯನ್ನೂ ಹೊಸ ಅಳತೆಯನ್ನೂ ಡೇಟಾಬೇಸಿನಿಂದ ಎಳೆದುಕೊಂಡು ಫೋಮಿನ ದಿಮ್ಮಿಯಲ್ಲಿ ಕಾಲಿನ ಆಕಾರ ಕೆತ್ತುತ್ತದೆ. ಯಂತ್ರದ ಜೊತೆಗೆ ಕಂಪನಿಯ ಫಿಟ್ಟರೂ ಬಂದ. ದುಂಡನೆಯ, ಸದಾ ನಗುಮುಖದ ಆಸಾಮಿ. ಕೈಯಲ್ಲಿ ಸ್ಪ್ಯಾನರ್ ಇದ್ದಷ್ಟು ಹೊತ್ತೂ ಶಿಳ್ಳೆ ಹಾಕುತ್ತಿದ್ದ. ಮಧ್ಯಾಹ್ನದೊಳಗೆ ಯಂತ್ರ ಕೂರಿಸಿ, ಮುಂದಿನ ಊರಿನ ಬಸ್ಸು ಹಿಡಿಯುವ ಲೆಕ್ಕ ಅವನದು.

ಅಂದೇ ಬೆಳಿಗ್ಗೆ ಬೇಕರಿಯಮ್ಮನೂ ಬಂದು ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದ ಬೀದಿಯಲ್ಲಿ ಬ್ರೆಡ್ ಅಂಗಡಿ ನಡೆಸುವ ಹೆಂಗಸು. ಹಳೆಯ ಕಾಲಿನ ಬಟ್ಟಲು ಬಿರುಕುಬಿಟ್ಟಿತ್ತು. ಅಂಗಡಿಯನ್ನು ತಂಗಿಯ ಕೈಗೆ ಕೊಟ್ಟು ಬಂದಿದ್ದಳು. ತಂಗಿ ಒಲೆ ಮುಂದೆ ನಿಂತರೆ ಒಂದೋ ಹಸಿ, ಇಲ್ಲ ಕರಕಲು ಎಂಬುದು ಅವಳ ಚಿಂತೆ. ಹೊಸ ಯಂತ್ರದ ಮೊದಲ ಕಾಲು ಅವಳದೇ ಎಂದು ಯಜಮಾನರು ಮಾತು ಕೊಟ್ಟಿದ್ದರು.

ಫಿಟ್ಟರ್ ತಡಿಯಕ್ಕನ ಕೋಣೆಗೆ ತಲೆ ಹಾಕಿದ. "ಅಕ್ಕಾ, ನಿಮ್ಮ ಡೇಟಾಬೇಸು ಹದಿಮೂರನೇ ವರ್ಷನ್ನು. ನಮ್ಮ ಯಂತ್ರ ಅಷ್ಟು ಹಳೇದರ ಜೊತೆ ಮಾತೇ ಆಡಲ್ಲ. ಕಂಟೇನರ್‌ನಲ್ಲೇ ಓಡ್ತಿದೆಯಲ್ಲ, ಸುಲಭ. ಇಮೇಜ್ ಹೆಸರಿನ ಮುಂದೆ ಲೇಟೆಸ್ಟ್ ಅಂತ ಹಾಕಿ, ಎಬ್ಬಿಸಿ. ಟೀ ಕುಡಿಯೋದ್ರೊಳಗೆ ಮುಗೀತು."

"ತಡೀರಿ, ನೋಡೋಣ" ಅಂದಳು ತಡಿಯಕ್ಕ.

"ನೋಡೋದೇನಕ್ಕ? ಹೋದ ವಾರ ನದಿ ಆಚೆ ಕಾಲು ಮಾಡೋ ಕೇಂದ್ರದಲ್ಲಿ ಹಾಗೇ ಮಾಡಿದ್ದು. ಬೆಣ್ಣೆ ಹಾಗೆ ಓಡ್ತಿದೆ."

"ಲೇಟೆಸ್ಟ್ ಅಂದ್ರೆ ಇವತ್ತು ಯಾವುದು ಅಂತ ನಿಮಗೆ ಗೊತ್ತಾ?"

ಫಿಟ್ಟರ್ ಶಿಳ್ಳೆ ನಿಲ್ಲಿಸಿದ. "ಯಾವುದೋ ಒಂದು ಹೊಸದು."

"ಅದೇ, ಯಾವುದೋ ಒಂದು. ಊರಿನವರ ಕಾಲನ್ನೆಲ್ಲ ಯಾವುದೋ ಒಂದರೊಳಗೆ ಹಾಕಲಾ?"

ಕಂಟೇನರ್ ಇಮೇಜ್ ಎಂದರೆ ಮುಚ್ಚಳ ಬಿಗಿದ ಡಬ್ಬಿಯಿದ್ದ ಹಾಗೆ. ಡೇಟಾಬೇಸ್ ತಂತ್ರಾಂಶವನ್ನು ಅದು ಓಡಲು ಬೇಕಾದ ಸಾಮಾನಿನ ಸಮೇತ ಒಳಗೆ ತುಂಬಿರುತ್ತಾರೆ. ತಂದು ಎಬ್ಬಿಸಿದರಾಯಿತು. ನಮ್ಮ ಮಾಹಿತಿ ಮಾತ್ರ ಡಬ್ಬಿಯ ಹೊರಗೆ, ಬೇರೆ ಕಡೆ ಇರುತ್ತದೆ. ಡಬ್ಬಿ ಬದಲಾದಾಗ ಹೊಸದು ಆ ಮಾಹಿತಿಯನ್ನು ಹುಡುಕಿ ಓದಿಕೊಳ್ಳಬೇಕು. ಲೇಟೆಸ್ಟ್ ಎಂಬುದು ಡಬ್ಬಿಯ ಮೇಲೆ ಅಂಟಿಸಿದ ಚೀಟಿ ಅಷ್ಟೇ. ಇವತ್ತು ಈ ಡಬ್ಬಿಯ ಮೇಲಿರುತ್ತದೆ, ನಾಳೆ ಕಿತ್ತು ಇನ್ನೊಂದಕ್ಕೆ ಅಂಟಿಸುತ್ತಾರೆ.

ತಡಿಯಕ್ಕ ಕನ್ನಡಕ ಏರಿಸಿ, ಆ ಡೇಟಾಬೇಸಿನ ಇಮೇಜುಗಳು ಯಾವ್ಯಾವ ವರ್ಷನ್ನಿನಲ್ಲಿ ಸಿಗುತ್ತವೆ ಎಂದು ತೋರಿಸುವ ಪುಟ ತೆರೆದಳು. ಮೇಲಿಂದ ಕೆಳಗೆ ಇಳಿದಷ್ಟೂ ಇತ್ತು. ಫಿಟ್ಟರಿಗೆ ಪಕ್ಕದ ಸ್ಟೂಲು ತೋರಿಸಿದಳು. ಅವನು ಗಡಿಯಾರ ನೋಡಿಕೊಂಡು ಕೂತ.

"ಇಲ್ಲಿ ನೋಡಿ. ಲೇಟೆಸ್ಟ್ ಈಗ ಹದಿನೆಂಟರ ಮೇಲಿದೆ. ಹೋದ ತಿಂಗಳು ಬಂದಿದ್ದು. ನಿಮ್ಮ ಯಂತ್ರದ ಪುಸ್ತಕ ಏನು ಹೇಳುತ್ತೆ? ಹದಿನೈದರಿಂದ ಹದಿನೇಳು. ಹದಿನೆಂಟರ ಸುದ್ದಿನೇ ಇಲ್ಲ."

"ಓಡುತ್ತೆ ಅಕ್ಕ. ಆಚೆ ಕಡೆ ಓಡ್ತಿದೆಯಲ್ಲ."

"ಇನ್ನೊಂದಿದೆ. ಹದಿನೆಂಟರಿಂದ ಮಾಹಿತಿ ಇಡೋ ಜಾಗಾನೇ ಬದಲು ಮಾಡಿದಾರೆ, ಬರೆದಿದಾರೆ ನೋಡಿ. ಹಳೇ ಜಾಗ ತೋರಿಸಿದ್ರೆ ಅದರ ಕಣ್ಣಿಗೆ ಬೀಳಲ್ಲ." ಅಲ್ಲಿಗೆ ಬಂದಾಗ ಅವಳ ಬೆರಳು ನಿಂತಿತು. "ನದಿ ಆಚೆ ಹಳಬರ ಹೆಸರೆಲ್ಲ ಬರ್ತಿದೆ ತಾನೇ?"

"ಯಂತ್ರ ಓಡ್ತಿದೆ" ಅಂದ ಫಿಟ್ಟರ್. ಅವನ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಹದಿನೇಳೇ ಸರಿ ಎಂದು ತಡಿಯಕ್ಕ ತೀರ್ಮಾನಿಸಿದಳು. ಯಂತ್ರಕ್ಕೂ ಒಪ್ಪಿಗೆ, ಜಾಗವೂ ಬದಲಾಗಿಲ್ಲ, ಇನ್ನೂ ಕೆಲವು ವರ್ಷ ರಿಪೇರಿ ಬರುತ್ತಿರುತ್ತದೆ. ಆದರೆ ಹದಿನೇಳರಲ್ಲೂ ಎರಡು ಬಗೆ. ಒಂದು ಪೂರ್ತಿ ತುಂಬಿದ ದೊಡ್ಡ ಡಬ್ಬಿ. ಇನ್ನೊಂದು ಬೇಡದ್ದನ್ನೆಲ್ಲ ತೆಗೆದು ಹಗುರ ಮಾಡಿದ ಚಿಕ್ಕದು. ಸರ್ವರಿನ ಡಿಸ್ಕಿನಲ್ಲಿ ಜಾಗ ಕಡಿಮೆ. ಅವಳು ಚಿಕ್ಕದನ್ನು ಆರಿಸಿದಳು. ಪೂರ್ತಿ ವರ್ಷನ್ ಸಂಖ್ಯೆ ಬರೆದು, ಚೀಟಿಯ ಹಂಗಿಲ್ಲದಂತೆ ಮಾಡಿದಳು.

"ಇನ್ನೇನು, ಹಾಕೋಣ" ಎಂದು ಫಿಟ್ಟರ್ ಎದ್ದ.

"ತಡೀರಿ. ಸರ್ವರ್ ಮುಟ್ಟಲ್ಲ. ಮೊದಲು ಒಂದು ಪ್ರತಿ ತೆಗೆದು ಪಕ್ಕದ ಕಂಪ್ಯೂಟರಿನಲ್ಲಿ ನೋಡೋಣ."

ಫಿಟ್ಟರ್ ಮತ್ತೆ ಕೂತ. ಬಾಗಿಲ ಸಂದಿಯಿಂದ ಯಜಮಾನರು ಇಣುಕಿದರು. ಕೆಲಸದಲ್ಲಿ ಮುಳುಗಿದ್ದ ಅವಳ ಬೆನ್ನು ನೋಡಿ ವಾಪಸು ಹೋದರು.

ಹದಿಮೂರರಿಂದ ಮಾಹಿತಿಯನ್ನೆಲ್ಲ ಹೊರತೆಗೆದು ಹದಿನೇಳರೊಳಗೆ ತುಂಬಿದ್ದಾಯಿತು. ಒಂದೂ ತಕರಾರು ಬರಲಿಲ್ಲ. ಅಲ್ಲಿದ್ದಷ್ಟೇ ಜನ ಇಲ್ಲೂ ಇದ್ದರು. ಫಿಟ್ಟರಿನ ಶಿಳ್ಳೆ ಮತ್ತೆ ಶುರುವಾಯಿತು. ಯಜಮಾನರು ಎರಡನೇ ಸಲ ಇಣುಕಿ, "ಆಯ್ತಾ?" ಅಂದರು.

"ಎಣಿಕೆ ಸರಿಯಿದೆ ಸರ್. ಮನುಷ್ಯರು ಸಿಗ್ತಾರಾ ನೋಡ್ಬೇಕು."

ಒಳಗಿನ ಕೆಲಸಗಾರರು ಹೆಸರು ಟೈಪ್ ಮಾಡುತ್ತಿರಲಿಲ್ಲ, ಕೈಯೆಲ್ಲ ಪ್ಲಾಸ್ಟರ್ ಆಗಿರುತ್ತಿತ್ತು. ಪರದೆಯ ಮೇಲೆ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಒತ್ತಿದರೆ ಆ ಅಕ್ಷರದಿಂದ ಮುಂದಿನ ಅಕ್ಷರದ ತನಕ ಇರುವವರೆಲ್ಲ ಸಾಲಾಗಿ ಬರುತ್ತಿದ್ದರು. ತಡಿಯಕ್ಕ ಬಾಗಿಲು ತೆರೆದು ಬೆಂಚಿನತ್ತ ನೋಡಿದಳು. ಬೇಕರಿಯಮ್ಮನ ಹೆಸರು ಅವಳಿಗೆ ಬಾಯಿಪಾಠ. ಅಕ್ಷರ ಒತ್ತಿದಳು. ಸಾಲು ಬಂತು. ಬೇಕರಿಯಮ್ಮ ಇರಲಿಲ್ಲ.

ಇನ್ನೊಮ್ಮೆ ಒತ್ತಿದಳು. ಇಲ್ಲ. "ನಮ್ಮ ಮನೆಯವರಿದಾರಾ ನೋಡ್ತೀನಿ" ಎಂದು ಗಂಡನ ಹೆಸರು ಹುಡುಕಿದಳು. ಅವನೂ ಇಲ್ಲ.

"ನಿಮ್ಮ ಮನೆಯವರೂ ನಾಪತ್ತೆನಾ ಅಕ್ಕ?" ಫಿಟ್ಟರ್ ನಕ್ಕ. ಅವಳ ಮುಖ ನೋಡಿ ನಗು ನುಂಗಿಕೊಂಡ.

"ಎಲ್ಲಿ ಹೋಗ್ತಾರೆ, ಇಲ್ಲೇ ಎಲ್ಲೋ ಇರ್ತಾರೆ" ಅಂದಳು. ಅವಳ ದನಿಯಲ್ಲಿ ಗಾಬರಿಗಿಂತ ಹಟ ಹೆಚ್ಚಿತ್ತು. ಅಕ್ಷರದ ಗೊಡವೆ ಬಿಟ್ಟು ಎಲ್ಲರನ್ನೂ ಒಂದೇ ಸಾಲಿನಲ್ಲಿ ಹರಡಿದಳು. ಕೆಳಗೆ, ಕೆಳಗೆ, ಇನ್ನೂ ಕೆಳಗೆ. ಕೊನೆಯ ಅಕ್ಷರವೂ ದಾಟಿದ ಮೇಲೆ ಒಂದು ಗುಂಪು ಬೇರೆಯಾಗಿ ಕೂತಿತ್ತು. ಬೇಕರಿಯಮ್ಮ ಅಲ್ಲಿದ್ದಳು. ಗಂಡನೂ ಅಲ್ಲಿದ್ದ. ಎಲ್ಲರೂ ಮೊದಲ ವರ್ಷಗಳ ಹಳಬರು. ಆಗ ಎಲ್ಲರ ಹೆಸರನ್ನೂ ಚಿಕ್ಕ ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದರು.

ಅವಳಿಗೆ ಹೊಳೆಯಿತು. ಹಗುರ ಮಾಡುವಾಗ ಆ ಚಿಕ್ಕ ಡಬ್ಬಿಯಿಂದ ತೆಗೆದುಹಾಕಿದ್ದರಲ್ಲಿ ಭಾಷೆಯ ಪ್ರಕಾರ ಹೆಸರು ಜೋಡಿಸುವ ಸಾಮಾನೂ ಸೇರಿತ್ತು. ದೊಡ್ಡಕ್ಷರ, ಚಿಕ್ಕಕ್ಷರ ಒಂದೇ ಎಂಬ ತಿಳಿವಳಿಕೆ ಅದಕ್ಕಿಲ್ಲ. ದೊಡ್ಡಕ್ಷರದವರೆಲ್ಲ ಮುಗಿದ ಮೇಲೆ ಚಿಕ್ಕಕ್ಷರದವರನ್ನು ಹಿಂದೆ ಕೂರಿಸಿಬಿಟ್ಟಿತ್ತು. ಯಾರೂ ಕಳೆದುಹೋಗಿರಲಿಲ್ಲ. ಒತ್ತಿದ ಅಕ್ಷರಕ್ಕೆ ಸಿಗದ ಜಾಗದಲ್ಲಿದ್ದರು ಅಷ್ಟೇ. ಆದರೆ ಕೈಯಲ್ಲಿ ಪ್ಲಾಸ್ಟರ್ ಹಿಡಿದು ನಿಂತ ಕೆಲಸಗಾರನ ಪಾಲಿಗೆ ಸಿಗದವರೂ ಒಂದೇ, ಇಲ್ಲದವರೂ ಒಂದೇ.

"ನಾನು ಸಂಖ್ಯೆ ನೋಡಿದೆ, ಡಬ್ಬಿಯೊಳಗೆ ಏನೇನು ತೆಗೆದಿದಾರೆ ಅಂತ ನೋಡಲಿಲ್ಲ" ಎಂದು ತಡಿಯಕ್ಕ ಫಿಟ್ಟರಿಗೆ ಅಂದಳು. "ನಮ್ಮ ಹದಿಮೂರು ಪೂರ್ತಿ ಡಬ್ಬಿ. ಹದಿನೇಳೂ ಪೂರ್ತಿನೇ ಬೇಕು. ಜಾಗ ನಾನು ಮಾಡ್ಕೊಡ್ತೀನಿ."

ಮತ್ತೆ ಆ ಪುಟಕ್ಕೆ ಹೋದಳು. ಅದೇ ಹದಿನೇಳು, ಅದೇ ಸಂಖ್ಯೆ, ಬಾಲದಲ್ಲಿ ಮಾತ್ರ ಬೇರೆ ಹೆಸರು. ಅದನ್ನು ತರಿಸಿದಳು. ಅದು ಬಂದಿಳಿಯುತ್ತಿದ್ದಾಗ ಸರ್ವರಿನಲ್ಲಿದ್ದ ಹಳೆಯ ಫೋಟೋಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿದಳು. ಫಿಟ್ಟರ್ ಸ್ಟೂಲಿನ ಮೇಲೆ ಚಡಪಡಿಸುತ್ತಿದ್ದ. ಬಸ್ಸಿನ ಚಿಂತೆಯೇನೋ ಎಂದುಕೊಂಡರೆ ಅಲ್ಲ.

"ಅಕ್ಕ, ನದಿ ಆಚೆಗೊಂದು ಫೋನ್ ಮಾಡ್ಲಾ?"

"ಅದನ್ನ ನನ್ನ ಕೇಳ್ಬೇಕಾ? ಮಾಡಿ. ನನಗೂ ಕೇಳಿಸೋ ಹಾಗೆ ಹಾಕಿ."

ಆ ಕೇಂದ್ರದಲ್ಲಿ ಮಾಹಿತಿ ನೋಡಿಕೊಳ್ಳುವ ಹೆಂಗಸು ಫೋನ್ ಎತ್ತಿದಳು. ಫಿಟ್ಟರಿನ ದನಿ ಕೇಳಿದ್ದೇ ತಡ, ತುಂಬಿದ್ದ ಕೊಡ ಮಗುಚಿದಂತಾಯಿತು. "ಎಲ್ಲಿದ್ರಿ ಸರ್ ನೀವು? ನಿಮ್ಮ ಆಫೀಸಿಗೆ ದಿನಾ ಫೋನ್ ಮಾಡ್ತಿದೀನಿ, ನೋಡ್ತೀವಿ ನೋಡ್ತೀವಿ ಅಂತಾರೆ. ನಮ್ಮಲ್ಲಿ ಯಾರು ಬಂದ್ರೂ ಹೊಸಬರು ಅಂತ ತೋರಿಸ್ತಿದೆ. ಹತ್ತು ವರ್ಷದಿಂದ ಬರೋರನ್ನ ಕೂರಿಸಿ ಮೊದಲಿಂದ ಅಳತೆ ತೆಗೀತಿದೀವಿ. ಒಬ್ರು ಅಜ್ಜಿ ಅತ್ತೇಬಿಟ್ರು. ಹೊಸ ಯಂತ್ರ ಅಂದ್ರೆ ಹೀಗೇನೇ ಅಂತ ನಮ್ಮ ಮ್ಯಾನೇಜರ್ ಅಂತಾರೆ. ಡಿಸ್ಕ್ ತುಂಬಿದೆ, ಹಳೇ ಫೋಲ್ಡರ್ ಸುಮ್ನೆ ಜಾಗ ತಿಂತಿದೆ, ಇವತ್ತೇ ಅಳಿಸು ಅಂದಿದಾರೆ. ಅದಕ್ಕೇ ಕೂತಿದೀನಿ."

"ತಡೀರಿ, ತಡೀರಿ, ಮುಟ್ಬೇಡಿ!" ಎಂದು ಕೂಗಿದ್ದು ತಡಿಯಕ್ಕನಲ್ಲ, ಫಿಟ್ಟರ್. ಸ್ಟೂಲು ಹಿಂದಕ್ಕೆ ಉರುಳಿತ್ತು.

ತಡಿಯಕ್ಕ ಫೋನನ್ನು ತನ್ನ ಕಡೆ ಎಳೆದುಕೊಂಡಳು. "ತಂಗೀ, ನಾನು ಈ ಕಡೆ ಕಾರ್ಖಾನೆಯವಳು. ಆ ಹಳೇ ಫೋಲ್ಡರೇ ನಿಮ್ಮ ಜನ. ಹೊಸ ಡಬ್ಬಿ ಬೇರೆ ಜಾಗದಲ್ಲಿ ಖಾಲಿ ಮನೆ ಕಟ್ಕೊಂಡು ಕೂತಿದೆ, ಅಷ್ಟೇ. ಹಳೇ ಮನೆ ಹಾಗೇ ಇದೆ. ನಿಮ್ಮ ಹಳೇ ವರ್ಷನ್ ಯಾವುದಿತ್ತು?"

"ಹದಿನಾಲ್ಕು ಅಕ್ಕ. ಖಂಡಿತ ಹದಿನಾಲ್ಕು."

"ಈ ವಾರ ಹೊಸದಾಗಿ ತೆಗೆದ ಅಳತೆಗಳನ್ನ ಮೊದಲು ಬೇರೆ ಕಡೆ ಪ್ರತಿ ಮಾಡಿಡಿ, ಅವೂ ಬೇಕು. ಆಮೇಲೆ ಹೊಸದನ್ನ ನಿಲ್ಲಿಸಿ. ಲೇಟೆಸ್ಟ್ ಅನ್ನೋದನ್ನ ಅಳಿಸಿ ಹದಿನಾಲ್ಕು ಅಂತ ಬರೀರಿ. ಹಳೇ ಫೋಲ್ಡರ್ ತೋರಿಸಿ ಎಬ್ಬಿಸಿ. ಅವಸರ ಬೇಡ, ನಾನು ಫೋನ್ ಇಡಲ್ಲ."

ಆ ಕಡೆ ಕೀಬೋರ್ಡಿನ ಸದ್ದು. ಯಜಮಾನರು ಮೂರನೇ ಸಲ ಬಂದವರು ಅಲ್ಲೇ ನಿಂತುಬಿಟ್ಟಿದ್ದರು. ಕೊನೆಗೆ ಫೋನಿನಲ್ಲಿ ಒಂದು ಉಸಿರು ಕೇಳಿತು. "ಬಂದ್ರು ಅಕ್ಕ. ಅಜ್ಜಿ ಇದಾರೆ. ಎಲ್ರೂ ಇದಾರೆ." ಆಮೇಲೆ, "ಯಂತ್ರ ನಿಂತೋಯ್ತು."

"ಹದಿನಾಲ್ಕರ ಜೊತೆ ಅದು ಮಾತಾಡಲ್ಲ, ನಿಂತಿರಲಿ ಬಿಡಿ. ಅದಕ್ಕೇನು ನೋವಾಗುತ್ತಾ? ನಾನು ಮುಂದಿನ ವಾರ ಬರ್ತೀನಿ, ಇಬ್ರೂ ಕೂತು ಓಡಿಸೋಣ."

ಫೋನ್ ಇಟ್ಟ ಮೇಲೆ ಫಿಟ್ಟರ್ ಉರುಳಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿದ. ಆಮೇಲೆ ಕಂಪನಿಗೆ ಫೋನ್ ಮಾಡಿ, ತಾನು ಯಂತ್ರ ಕೂರಿಸಿದ ಕಡೆಯಲ್ಲೆಲ್ಲ ಹಳೆಯ ಹೆಸರುಗಳು ಬರುತ್ತಿವೆಯೇ ಎಂದು ವಿಚಾರಿಸದೆ ಮುಂದಿನ ಊರಿಗೆ ಹೋಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ. ಆ ಕಡೆಯವರು ಏನೋ ಗೊಣಗಿದರು. ಅವನು ಜಗ್ಗಲಿಲ್ಲ. ತಡಿಯಕ್ಕನಿಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿದ್ದು ಆಗ.

ಪೂರ್ತಿ ಡಬ್ಬಿಯಲ್ಲಿ ಬೇಕರಿಯಮ್ಮ ಮೊದಲ ಒತ್ತಿಗೇ ಸಿಕ್ಕಳು. ಗಂಡನೂ ಸಿಕ್ಕ. ಪಕ್ಕದ ಕಂಪ್ಯೂಟರಿನಲ್ಲಿ ಎಲ್ಲ ಸರಿಯೆನಿಸಿದ ಮೇಲೆ ತಡಿಯಕ್ಕ ಸರ್ವರಿಗೆ ಕೈಹಾಕಿದಳು. ಇನ್ನೊಂದು ಬ್ಯಾಕಪ್ ತೆಗೆದು, ಹದಿಮೂರನ್ನು ನಿಲ್ಲಿಸಿ, ಹದಿನೇಳನ್ನು ಎಬ್ಬಿಸಿ, ಮಾಹಿತಿ ತುಂಬಿಸಿದಳು. ಈ ಸಲ ಬೆರಳುಗಳು ಮಳೆಯಂತೆಯೇ ಸುರಿದವು. ಯಂತ್ರ ಒಮ್ಮೆ ಗುರ್ ಎಂದು, ಫೋಮಿನ ದಿಮ್ಮಿಯನ್ನು ಹಿಡಿದು ಸುತ್ತತೊಡಗಿತು. ಬಿಳಿ ಚೂರುಗಳು ಹಾರಿದವು. ದಿಮ್ಮಿಯೊಳಗಿಂದ ಬೇಕರಿಯಮ್ಮನ ಕಾಲಿನ ಆಕಾರ ನಿಧಾನಕ್ಕೆ ಹೊರಬಂತು. ಮೊಣಕಾಲಿನ ಕೆಳಗೆ ಬಲಭಾಗದಲ್ಲಿ ಮುಟ್ಟಿದರೆ ನೋವಾಗುವ ಆ ಪುಟ್ಟ ಉಬ್ಬು ಕೂಡ.

ಬೇಕರಿಯಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ನಾನು ನಾದೋಕಿಂತ ಚೆನ್ನಾಗಿ ನಾದುತ್ತೆ ಕಣ್ರೀ ಇದು" ಅಂದಳು. ಎರಡು ದಿನ ಬಿಟ್ಟು ಕಂಬಿಗಳ ನಡುವೆ ನಡೆದು ನೋಡಿದಾಗ, ಬಟ್ಟಲು ಚೆನ್ನಾಗಿದೆ, ಹಿಮ್ಮಡಿ ಒಂದು ಕೂದಲೆಳೆ ಎತ್ತರ ಎಂದಳು. ಯಜಮಾನರು ಬಗ್ಗಿ ನೋಡಿ, ಹೌದೆಂದು ಒಪ್ಪಿ, ಪಾದ ಬಿಚ್ಚಿ ಸರಿಮಾಡಿದರು. ಅದೇ ಸಂಜೆ ಅವಳು ಒಲೆ ಮುಂದೆ ನಿಂತಿದ್ದಳಂತೆ. ಆ ಬೀದಿಯವರು ತಂಗಿಯ ಬ್ರೆಡ್ಡಿನಿಂದ ಪಾರಾದರು.

ಮುಂದಿನ ವಾರ ತಡಿಯಕ್ಕ ದೋಣಿ ಹತ್ತಿ ನದಿ ದಾಟಿದಳು. ಜೊತೆಗೆ ಗಂಡನೂ ಹೊರಟ, ಆಚೆ ದಡದಲ್ಲಿ ಒಂದು ಸಲೂನಿಗೆ ಕನ್ನಡಿ ಅಳೆಯುವುದಿತ್ತು. ಕೇಂದ್ರದ ಬಾಗಿಲಲ್ಲೇ ಆ ಹೆಂಗಸು ಕಾಯುತ್ತಿದ್ದಳು. ಫೋನಿನ ದನಿ ಕೇಳಿ ತಡಿಯಕ್ಕ ಅವಳನ್ನು ಹುಡುಗಿ ಎಂದುಕೊಂಡಿದ್ದಳು. ನೋಡಿದರೆ ತನಗಿಂತ ಸ್ವಲ್ಪವೇ ಚಿಕ್ಕವಳು. ಇಬ್ಬರಿಗೂ ನಗು ಬಂತು.

ಮ್ಯಾನೇಜರ್ ಬಂದು ಕೈಮುಗಿದು, "ನೀವೇ ಕೂತು ಮಾಡಿಬಿಡಿ ಮೇಡಂ, ಮತ್ತೆ ಎಡವಟ್ಟಾಗೋದು ಬೇಡ" ಅಂದರು.

"ನಾನು ಮಾಡಿದ್ರೆ ನಾಳೆ ನಾನು ದೋಣಿ ಹತ್ತಿ ಹೋಗ್ಬಿಡ್ತೀನಿ ಸರ್. ಇವರು ಮಾಡ್ಲಿ" ಎಂದು ತಡಿಯಕ್ಕ ಪಕ್ಕದ ಕುರ್ಚಿ ಎಳೆದುಕೊಂಡು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಆ ಹೆಂಗಸು ಇಮೇಜುಗಳ ಪುಟ ತೆರೆದಳು. ತಡಿಯಕ್ಕ ತನ್ನ ಕಾರ್ಖಾನೆಯಲ್ಲಿ ಹಾಕಿದ ಹದಿನೇಳರ ಪೂರ್ತಿ ಹೆಸರು, ಬಾಲದ ಸಮೇತ ಹೇಳಿದಳು. ಅವಳು ಹುಡುಕಿ, ಸಾಲಿನ ಮೇಲೆ ಕರ್ಸರ್ ನಿಲ್ಲಿಸಿದಳು. ಕೆಳಗೆ ಚಿಕ್ಕದಾಗಿ ಬರೆದದ್ದನ್ನು ಓದುತ್ತಿದ್ದಳು.

"ಅಕ್ಕ, ಒಂದ್ನಿಮಿಷ. ಯಾವ್ಯಾವ ಪ್ರೊಸೆಸರಿಗೆ ಆಗುತ್ತೆ ಅಂತ ಪ್ರತಿ ಇಮೇಜ್ ಕೆಳಗೂ ಕೊಟ್ಟಿದಾರೆ. ನಮ್ಮದು ನಿಮ್ಮ ಥರ ದೊಡ್ಡ ಸರ್ವರ್ ಅಲ್ಲ, ಆ ಕೈಯಗಲದ ಮೆಷಿನ್ನು. ಅದರ ಪ್ರೊಸೆಸರೇ ಬೇರೆ. ಇದಕ್ಕೆ ಆಗುತ್ತಾ ನೋಡ್ಕೊಂಡೇ ಇಳಿಸ್ತೀನಿ."

ತಡಿಯಕ್ಕ ಮುಂದಕ್ಕೆ ಬಾಗಿ ಕನ್ನಡಕ ಏರಿಸಿದಳು. ಈ ವಿಷಯ ಅವಳ ತಲೆಗೇ ಬಂದಿರಲಿಲ್ಲ. ಮನೆಯಿಂದ ದೋಣಿಯವರೆಗೂ, ದೋಣಿಯಿಂದ ಇಲ್ಲಿಯವರೆಗೂ ಯೋಚಿಸಿಕೊಂಡು ಬಂದಿದ್ದಳು, ಆದರೂ ಹೊಳೆದಿರಲಿಲ್ಲ. ಅವಳಿಗೆ ಒಳಗೊಳಗೇ ತುಂಬ ಖುಷಿಯಾಯಿತು.

"ಓದಿ, ಜೋರಾಗಿ ಓದಿ. ನಾನೂ ಕೇಳಿಸ್ಕೊಳ್ತೀನಿ" ಅಂದಳು. ಆ ಹೆಂಗಸು ಬೆರಳಿಟ್ಟು ಒಂದೊಂದೇ ಸಾಲು ಓದತೊಡಗಿದಳು.